ಕಾಡಪ್ಪನ ಕಂದೀಲು

ಪುಣೆಯಲ್ಲಿ ಐದು ದಿನದ ತರಬೇತಿ ಮುಗಿಸಿಕೊಂಡು ಮಿರಜ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಚೀಲದಲ್ಲಿ ಒಂದು ನೀಲಿ ವಹಿ ಇತ್ತು, ತಲೆಯಲ್ಲಿ ಸೊಕ್ಕು ಇತ್ತು. ಸಹಕಾರಿ ಸಂಘಗಳ ಮ್ಯಾನೇಜರುಗಳಿಗೆಂದೇ ಇಟ್ಟ ತರಬೇತಿ ಅದು. ಕೋಟು ತೊಟ್ಟ ಒಬ್ಬ ಸಾಹೇಬ ಬೋರ್ಡಿನ ಮೇಲೆ ಬರೆದ, ನಾವು ವಹಿಗೆ ಇಳಿಸಿಕೊಂಡೆವು: ಒಂದೇ ಕೆಲಸಕ್ಕೆ ಎರಡು ವಸ್ತು ಇದ್ದರೆ ಹಳೆಯದನ್ನು ಹೊರಗೆ ಹಾಕಿ. ಕೈಕಟ್ಟಿ ಕೂತ ವೇಳೆಯನ್ನು ಹುಡುಕಿ ಕತ್ತರಿಸಿ. ಇಷ್ಟು ಕಲಿಯುವುದಕ್ಕೆ ಐದು ದಿನ ಬೇಕಿತ್ತೇ ಅಂತ ಆಗ ಅನ್ನಿಸಲಿಲ್ಲ. 1976ರ ಮಾತು. ನನಗೆ ಮೂವತ್ತೊಂದು ವಯಸ್ಸು.

ಮರುದಿನವೇ ಮನೆಯಿಂದ ಶುರು ಮಾಡಿದೆ. ಅಟ್ಟದ ಮೇಲಿಂದ ಅಪ್ಪನ ಮೂರು ಹರಿದ ಛತ್ರಿ, ಕಾಲು ಮುರಿದ ತೊಟ್ಟಿಲು, ಹಿಡಿಕೆಯಿಲ್ಲದ ಕೊಡ, ಏಳು ವರ್ಷದ ಪಂಚಾಂಗ ಎಲ್ಲ ಅಂಗಳಕ್ಕೆ ಬಂದವು. ಹೆಂಡತಿ ಸುನಂದಾ ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕಳು. ನನ್ನವ್ವ ಬಾಳವ್ವ ಮಾತ್ರ ಹೊಸ್ತಿಲ ಮೇಲೆ ಕೂತು ಒಂದೊಂದೇ ಸಾಮಾನು ನೋಡಿದಳು.

"ಒಗಿ, ಬ್ಯಾಡ ಅನ್ನಂಗಿಲ್ಲ. ಯಾಕ ಇಟ್ಟಿದ್ರಿ ಅಂತ ಒಮ್ಮೆ ಕೇಳಿ ಒಗಿಯಪಾ," ಅಂದಳು.

ನಾನು ಕೇಳಲಿಲ್ಲ. ಕೇಳುತ್ತ ಕೂತರೆ ಅದಕ್ಕೂ ವೇಳೆ ಹೋಗುತ್ತದಲ್ಲ! ಸಂಜೆಯ ಹೊತ್ತಿಗೆ ಮನೆ ಲಕಲಕ ಅನ್ನುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ನನಗೆ ಸೊಗಸಾದ ನಿದ್ದೆ ಬಂತು.

ಸಾಂಗಲಿಯಿಂದ ಹರಿಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಅರಿಸಿನ ಸಂಘದ ಅಂಗಳವಿತ್ತು. ನಾನು ಮಿರಜಿನ ಬಟ್ಟೆ ಅಂಗಡಿಯ ಮನೆಯವ. ಅರಿಸಿನದ ಬಗ್ಗೆ ನನಗೆ ಗೊತ್ತಿದ್ದದ್ದು ಅಡುಗೆಮನೆಯ ಡಬ್ಬಿಯಷ್ಟು. ಪದವಿ ಇತ್ತು, ಅಧ್ಯಕ್ಷರಿಗೆ ನಮ್ಮ ಸೋದರಮಾವನ ಪರಿಚಯವಿತ್ತು, ಅದಕ್ಕೇ ಮ್ಯಾನೇಜರ್ ಆದೆ. ಆ ಕಡೆ ಅರಿಸಿನವನ್ನು ಗೋದಾಮಿನಲ್ಲಿ ಇಡುವುದಿಲ್ಲ, ನೆಲದೊಳಗೆ ಹೂಳುತ್ತಾರೆ. ಗಡಿಗೆಯ ಹಾಗೆ ಬಾಯಿ ಸಣ್ಣ, ಹೊಟ್ಟೆ ದೊಡ್ಡ ಇರುವ ಕುಳಿ, ಮೂರು ಆಳು ಆಳ. ಅದಕ್ಕೆ ಪೇವ ಅನ್ನುತ್ತಾರೆ. ಅರಿಸಿನ ತುಂಬಿ, ಬಾಯಿಗೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಹಾಕಿ, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ.

ಪೇವ ತೆರೆಯುವ ಕೆಲಸ ಕಾಡಪ್ಪನದು. ಜಮಖಂಡಿ ಕಡೆಯಿಂದ ಬಂದ ಮುದುಕ, ಮೂವತ್ತು ವರ್ಷದಿಂದ ಅದೇ ಕೆಲಸ. ಬೆಳಿಗ್ಗೆ ಎಂಟಕ್ಕೆ ಪೇವದ ಬಾಯಿ ತೆರೆದು, ಪಕ್ಕದಲ್ಲಿ ಕೂತು ತಂಬಾಕು ತಿಕ್ಕುವವನು ಹನ್ನೊಂದೂಕಾಲರ ತನಕ ಏಳುತ್ತಿರಲಿಲ್ಲ. ಅವನ ಹಿಂದೆ ಎಂಟು ಹಮಾಲರೂ ಸಾಲಾಗಿ ಕೂರುತ್ತಿದ್ದರು. ಆಮೇಲೆ ಗಾಜು ಸೀಳಿದ, ತಂತಿ ಸುತ್ತಿದ ಒಂದು ಕಂದೀಲನ್ನು ಹಚ್ಚಿ, ಹಗ್ಗಕ್ಕೆ ಕಟ್ಟಿ, ಕೈಮುಗಿದು ಒಳಗೆ ಬಿಡುತ್ತಿದ್ದ. ಹಾಡುಹಗಲಲ್ಲಿ ಕಂದೀಲು! ಅದು ಉರಿಯುತ್ತಲೇ ತಳ ಮುಟ್ಟಿದರೆ ಆಳು ಇಳಿಯುತ್ತಿದ್ದ. ಆರಿದರೆ ಮತ್ತೆ ತಂಬಾಕು.

"ಏನ್ರಿ ಇದು ಕಾಡಪ್ಪಕಾಕಾ, ಅರ್ಧಾ ದಿನ ಇಲ್ಲೇ ಕುಂತ ಕಳಿತೀರಿ?" ಅಂತ ಕೇಳಿದೆ.

"ಪೇವದವ್ವ ಉಸರ ಬಿಡಬೇಕ್ರಿ ಸಾಹೇಬ್ರ. ದೀಪಾ ನುಂಗಿದ್ಲಂದ್ರ ಇನ್ನೂ ಹಸದಾಳಂತ ತಿಳೀಬೇಕು. ಆಗ ಇಳೀಬಾರದ್ರಿ."

ನನಗೆ ನಗು ತಡೆಯಲಿಲ್ಲ. ಅವನು ಇದ್ದದ್ದನ್ನು ಇದ್ದ ಹಾಗೇ ಹೇಳಿದ್ದ, ನನಗೆ ಕೇಳಿಸಿದ್ದು ಬರೀ ದೇವಿಯ ಹೆಸರು. ಅದೇ ಮಾತನ್ನು ಕೋಟಿನ ಸಾಹೇಬ ಬೋರ್ಡಿನ ಮೇಲೆ ಬರೆದಿದ್ದರೆ ಗೆರೆ ಎಳೆದು ಉರು ಹೊಡೆಯುತ್ತಿದ್ದೆ.

ಮರುವಾರ ಸಾಂಗಲಿ ಪೇಟೆಯಿಂದ ನಾಲ್ಕು ಸೆಲ್ಲಿನ ಬ್ಯಾಟರಿ ತಂದೆ. ಒಂದೇ ಕೆಲಸಕ್ಕೆ ಎರಡು ವಸ್ತು ಬೇಡ ಅಂತ ಕಂದೀಲನ್ನು ಗುಜರಿಯವನ ಗಾಡಿಗೆ ಹಾಕಿದೆ. ಕಾಡಪ್ಪ ಗಾಡಿಯ ಹಿಂದೆ ಗೇಟಿನ ತನಕ ಹೋಗಿ ನಿಂತ. ಅವನನ್ನು ಅದೇ ಗೇಟಿಗೆ ಹಾಕಿ, ತಾಸಿಗೊಮ್ಮೆ ಗಂಟೆ ಹೊಡೆಯುವ ಕೆಲಸ ಕೊಟ್ಟೆ. ಎಂಟಕ್ಕೆ ಪೇವದ ಬಾಯಿ ತೆರೆಯಬೇಕು, ಎಂಟೂಕಾಲಿಗೆ ಆಳು ಇಳಿಯಬೇಕು ಅಂತ ಹುಕುಂ ಮಾಡಿದೆ. ಹಳೆಯ ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಶರಥ ಮುಂದೆ ಬಂದ.

ದಶರಥ ಅಥಣಿ ಕಡೆಯಿಂದ ಬಂದು ಎರಡು ತಿಂಗಳಾಗಿತ್ತು. ಕುಪವಾಡದಲ್ಲಿ ತಗಡಿನ ಖೋಲಿಯಲ್ಲಿ ಇರುತ್ತಿದ್ದ. ಹೆಂಡತಿ ಕೆಂಪವ್ವ ನಮ್ಮ ಅಂಗಳದಲ್ಲೇ ಅರಿಸಿನ ಆರಿಸುತ್ತಿದ್ದಳು. ಬ್ಯಾಟರಿ ಕೈಗೆ ಬಂದದ್ದೇ ಅವನಿಗೆ ಹಬ್ಬ. ಗುಂಡಿ ಒತ್ತಿ, ಆರಿಸಿ, ಮತ್ತೆ ಒತ್ತಿ, "ತಳದಾಗಿನ ಕಡ್ಡಿನೂ ಕಾಣಸ್ತೈತ್ರಿ ಸಾಹೇಬ್ರ!" ಅಂದ. ಮೂರು ವಾರದಲ್ಲಿ ಆರು ಪೇವಗಳಿಗೆ ಇಳಿದ, ಆರೂ ಸಲ ನಗುತ್ತ ಮೇಲೆ ಬಂದ. ಅವೆಲ್ಲ ಆ ಬೇಸಿಗೆಯಲ್ಲೇ ತುಂಬಿದ ಪೇವಗಳು ಅನ್ನುವುದನ್ನು ನಾನು ಯೋಚಿಸಲೇ ಇಲ್ಲ. ಆಫೀಸಿನ ಹೊರಗಿನ ಕಪ್ಪುಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ದೊಡ್ಡದಾಗಿ ಬರೆದೆ: ಉಳಿಸಿದ ವೇಳೆ, ಹದಿನೆಂಟು ತಾಸು. ಅಧ್ಯಕ್ಷರು ಬಂದು ನೋಡಿ ನನ್ನ ಬೆನ್ನು ತಟ್ಟಿದರು.

ಏಳನೆಯದು ಎರಡು ಮಳೆಗಾಲ ಮುಚ್ಚೇ ಇದ್ದ ಪೇವ.

ನಾನು ಗಡಿಯಾರ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಎಂಟೂಕಾಲಿಗೆ ಸರಿಯಾಗಿ ದಶರಥ ಇಳಿದ. ಹಗ್ಗ ಹಿಡಿದಿದ್ದ ರಾವಸಾಬ ಮೇಲಿನಿಂದ, "ಮುಟ್ಟಿದಿ ಏನೋ?" ಅಂದ. "ಮುಟ್ಟಿದ್ನಿ," ಅಂದು ದಶರಥ ಸೊಂಟದ ಹಗ್ಗ ಬಿಚ್ಚಿದ, ಚೀಲ ತುಂಬಬೇಕಲ್ಲ. ಆಮೇಲೆ ಕೆಮ್ಮಿದ ಸಪ್ಪಳ. ಆಮೇಲೆ ಸಪ್ಪಳವೂ ಇಲ್ಲ. ನನ್ನ ಗಡಿಯಾರದಲ್ಲಿ ಎಂಟೂ ಹದಿನೆಂಟು.

ಬಗ್ಗಿ ನೋಡಿದೆ. ಅರಿಸಿನದ ಮೇಲೆ ಬ್ಯಾಟರಿ ಬಿದ್ದಿತ್ತು, ಝಗ್ ಅಂತ ಉರಿಯುತ್ತಿತ್ತು. ಆ ಬೆಳಕಿನಲ್ಲಿ ದಶರಥ ಮಗ್ಗುಲಾಗಿ ಮಲಗಿದ್ದು ಸ್ಪಷ್ಟವಾಗಿ ಕಂಡಿತು. ಅವನು ಹೇಳಿದ್ದು ನಿಜ, ತಳದ ಕಡ್ಡಿಯೂ ಕಾಣುತ್ತಿತ್ತು.

ಗೇಟಿನಿಂದ ಕಾಡಪ್ಪ ಓಡಿ ಬಂದ. ರಸ್ತೆಯಾಚೆಯ ಚಹಾದಂಗಡಿಯಿಂದ ಯಾರೋ ಕಂದೀಲು ತಂದರು. ಕಾಡಪ್ಪ ಹಚ್ಚಿ, ಹಗ್ಗಕ್ಕೆ ಕಟ್ಟಿ ಬಿಟ್ಟ. ಎರಡು ಮೊಳ ಇಳಿದಿತ್ತೋ ಇಲ್ಲವೋ, ದೀಪ ಸಣ್ಣಗಾಗಿ, ನೀಲಿಯಾಗಿ, ಆರಿತು. ಕೆಳಗೆ ಬ್ಯಾಟರಿ ಉರಿಯುತ್ತಲೇ ಇತ್ತು. ಕಂದೀಲು ಬೆಳಕಿಗಾಗಿ ಇದ್ದದ್ದೇ ಅಲ್ಲ, ಒಳಗಿನ ಗಾಳಿ ನೋಡುವುದಕ್ಕೆ ಇದ್ದದ್ದು ಅಂತ ನನಗೆ ಆ ಕ್ಷಣ ತಿಳಿಯಿತು. ನಾನು ಶರ್ಟು ಕಿತ್ತೆಸೆದು ಹಗ್ಗಕ್ಕೆ ಕೈ ಹಾಕಿದೆ. ಕಾಡಪ್ಪ ನನ್ನ ರಟ್ಟೆ ಹಿಡಿದ. ಆ ಮುದುಕನಿಗೆ ಅಷ್ಟು ಕಸುವು ಎಲ್ಲಿತ್ತೋ.

"ಈಗರೆ ಕಾಯ್ರಿ," ಅಂದ.

ಕಾಯ್ದೆವು. ಹಮಾಲರು ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ, ಒಳಗೆ ಗಾಳಿ ಆಡಲೆಂದು ಒಂದೇ ಸವನೆ ಮೇಲೆ ಕೆಳಗೆ ಆಡಿಸಿದರು, ಹೆಂಗಸರು ಮೊರದಿಂದ ಗಾಳಿ ಹಾಕಿದರು. ಕೆಂಪವ್ವ ಪೇವದ ಬಾಯಿಯ ಅಂಚಿನಲ್ಲಿ ಬೋರಲು ಮಲಗಿ, "ಏ ಏಳ್ರಿ, ಸಾಹೇಬ್ರು ಬಂದಾರ, ಏಳ್ರಿ," ಅಂತ ಕರೆಯುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಗಂಡ ಮಲಗಿದ್ದನ್ನು ನಾನು ನೋಡಿಬಿಟ್ಟೆ ಅಂತ ಅವಳಿಗೆ ಭಯ. ನಾಚಿಕೆಯಿಂದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಗೇಟಿನಲ್ಲಿ ಆ ದಿನ ಯಾರೂ ಗಂಟೆ ಹೊಡೆಯಲಿಲ್ಲ. ಐದನೆಯ ಸಲ ಬಿಟ್ಟ ಕಂದೀಲು ಉರಿಯುತ್ತ ತಳ ಮುಟ್ಟಿದಾಗ ಹನ್ನೊಂದೂಕಾಲು ದಾಟಿತ್ತು. ರಾವಸಾಬ ಇಳಿದು ಅವನನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದ. ಉಸಿರು ಇರಲಿಲ್ಲ. ಮೈಯೆಲ್ಲ ಅರಿಸಿನ, ಮದುಮಗನ ಹಾಗೆ. ನೋಡಿ ಹೆಂಗಸರು ಬಾಯಿ ಬಡಿದುಕೊಂಡರು.

ಮಧ್ಯಾಹ್ನವೇ ಡೈರೆಕ್ಟರುಗಳು ಸೇರಿದರು. ಕೂಲಿಯವನು ಅಪ್ಪಣೆ ಕೇಳದೆ ಇಳಿದ ಅಂತ ಕಾಗದವಾಯಿತು. ಬರೆದವನು ನಾನು, ರುಜು ಹಾಕಿದವನೂ ನಾನು. ಇದನ್ನು ಇವತ್ತಿಗೂ ಸುನಂದಾಗೆ ಹೇಳಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಕೆಂಪವ್ವ ನಿಂತಿದ್ದಳು, ಹಿಂದೆ ಕಾಡಪ್ಪ. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಹಲಗೆಯ ಕಡೆಗೆ ಕೈ ಮಾಡಿದಳು.

"ನನಗ ಓದಾಕ ಬರಂಗಿಲ್ರಿ ಸಾಹೇಬ್ರ. ಅದರಾಗ ಏನ ಬರದೀರಿ ಅಂತ ಕಾಕಾನ್ನ ಕೇಳಿದ್ನಿ. ನಮ್ಮವರು ಉಳಿಸಿದ ತಾಸು ಅಂದ್ರು. ಖರೇನ ಏನ್ರಿ?"

"ಹೌದು," ಅಂದೆ.

"ಹದಿನೆಂಟು?"

"ಹೌದವ್ವಾ."

"ಎಲ್ಲಾ ಬ್ಯಾಡ್ರಿ ನನಗ," ಅಂದು ಅವಳು ಸೆರಗು ಒಡ್ಡಿದಳು. "ಅದರಾಗಿನ ಮೂರು ತಾಸು ಕೊಡ್ರಿ. ನಿನ್ನೆ ಮುಂಜಾನಿ ಎಂಟರಿಂದ."