ಯಾರ ಹುಡುಗರು ಇವರು

“ಎಡಕ್ಕೆ ಮೂರು ಜನ, ಬಲಕ್ಕೆ ಮೂರು ಜನ. ಮುಂದಿನ ಹಿಡಿ ನಂದು,” ಎನ್ನುತ್ತ ಗಾರ್ಡಿ ಸ್ಟೆನ್‌ರೂಡ್ ಚರ್ಚಿನ ಬಾಗಿಲಲ್ಲಿ ಹಳೆಯ ಆಟಗಾರರನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಎಲ್ಲರೂ ಐವತ್ತು ದಾಟಿದವರು, ತಂಡ ಕಪ್ ಗೆಲ್ಲುವುದಕ್ಕೆ ಎಷ್ಟೋ ವರ್ಷ ಮೊದಲು ಆಡಿದವರು. ಕರಿ ಕೋಟಿನ ಗುಂಡಿಗಳು ಹೊಟ್ಟೆಯ ಮೇಲೆ ಬಿಗಿದಿದ್ದವು. ಶವಪೆಟ್ಟಿಗೆಯಲ್ಲಿ ಮಲಗಿದ್ದ ಆರ್ವಿಲ್ ಹಾಗನ್‌ನನ್ನು ಹೆಂಡತಿ ವರ್ನಾ ಒಬ್ಬಳನ್ನು ಬಿಟ್ಟು ಊರೆಲ್ಲ ಕೋಚ್ ಎಂದೇ ಕರೆಯುತ್ತಿತ್ತು. ನಾರ್‌ಡಾಲ್ ಎಂಬ ಊರೊಂದು ಅಮೆರಿಕದ ಮಿನೆಸೋಟದಲ್ಲಿದೆ ಎಂದು ಹೊರಗಿನವರಿಗೆ ಗೊತ್ತಾಗಿದ್ದೇ ಅವನ ಕಾಲೇಜು ಫುಟ್‌ಬಾಲ್ ತಂಡದಿಂದ.

ಬೆಳಗಿನಿಂದ ಕವಿದ ಮಂಜು ಇನ್ನೂ ಎದ್ದಿರಲಿಲ್ಲ. ಗೇಟಿನ ಹತ್ತಿರ ಬೋಳು ಮರದ ಕೆಳಗೆ ಒಬ್ಬನೇ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದವನು ವರ್ನಾಳ ಕಣ್ಣಿಗೆ ಬಿದ್ದ.

“ಲೆಲಂಡ್‌ನ ಕರೀಲಿಲ್ವಾ, ಗಾರ್ಡಿ?”

“ಬಿಡಿ ವರ್ನಾ. ಕೋಚ್ ಕುರ್ಚಿ ಕಿತ್ಕೊಂಡೋನ ಕೈಲಿ ಪೆಟ್ಟಿಗೆ ಬೇರೆ ಹೊರಿಸ್ಬೇಕಾ? ಕಪ್ ಗೆದ್ದ ವಾರಕ್ಕೇ ಮನುಷ್ಯನ್ನ ಮನೆಗೆ ಕಳಿಸ್ದ. ಆಮೇಲೆ ಕೋಚ್ ಒಂದೇ ಒಂದು ಆಟಕ್ಕಾದ್ರೂ ಬಂದ್ರಾ? ಅಷ್ಟು ನೊಂದಿದ್ರು ಪಾಪ.”

ಮಾತು ಗೇಟಿನವರೆಗೂ ಕೇಳಿಸಿರಬೇಕು. ಲೆಲಂಡ್ ತಲೆ ತಗ್ಗಿಸಿದ.

* * *

ಕಪ್ ಗೆದ್ದ ಆ ವರ್ಷ ಎಲೆ ಉದುರುವ ಕಾಲದಲ್ಲಿ ಆರ್ವಿಲ್ ತಿಂಡಿ ಮುಗಿಸಿ ಎದ್ದವನು, “ಅಣ್ಣನಿಗೆ ಒಂದು ಪ್ಯಾನ್‌ಕೇಕ್ ಎತ್ತಿಡು, ಹೊಲದಿಂದ ಹಸಿದು ಬರ್ತಾನೆ,” ಎಂದ. ಅಣ್ಣ ಯುದ್ಧದಲ್ಲಿ ಸತ್ತು ಒಂದು ಕಾಲವಾಗಿತ್ತು. ವರ್ನಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಡಲೂ ಮರೆತು ನಿಂತಳು.

ಅಂದು ಸಂಜೆಯೇ ಅವಳು ಗಂಡನ ಸಹಾಯಕನಾಗಿದ್ದ ಲೆಲಂಡ್‌ನ ಮನೆಗೆ ಹೋದಳು. “ಇದೊಂದು ಸೀಸನ್ ದಾಟಿಸಪ್ಪ. ಯಾರಿಗೂ ಗೊತ್ತಾಗೋದು ಬೇಡ.” ಅವನು ಒಂದು ಪ್ರಶ್ನೆಯನ್ನೂ ಕೇಳದೆ, “ಆಯ್ತು,” ಎಂದ.

ಅಲ್ಲಿಂದ ಮುಂದೆ ಲೆಲಂಡ್ ಕೋಚ್‌ನ ಭುಜಕ್ಕೆ ಭುಜ ತಾಗಿಸಿಕೊಂಡೇ ನಿಲ್ಲುತ್ತಿದ್ದ. ಯಾರನ್ನು ಮೈದಾನಕ್ಕೆ ಇಳಿಸಬೇಕು, ಚೆಂಡನ್ನು ಎಸೆಯಬೇಕೋ ಅಪ್ಪಿಕೊಂಡು ನುಗ್ಗಬೇಕೋ ಎಲ್ಲವನ್ನೂ ಮೆಲ್ಲಗೆ ಉಸುರುತ್ತಿದ್ದ. ಕೋಚ್ ಅದನ್ನೇ ತನ್ನ ಹಳೆಯ ಗುಡುಗುವ ದನಿಯಲ್ಲಿ ಕೂಗುತ್ತಿದ್ದ. ದನಿ ಮಾತ್ರ ಕಿಂಚಿತ್ತೂ ಮುಕ್ಕಾಗಿರಲಿಲ್ಲ. ಹುಡುಗರು ಆ ದನಿಗೇ ಓಡಿದರು, ಆ ದನಿಗೇ ಗೆದ್ದರು.

ಕೊನೆಯ ಪಂದ್ಯದ ದಿನ ಹಿಮ ಬೀಳುತ್ತಿತ್ತು. ಕಪ್ ತಮ್ಮದಾಗಿ ಸ್ಟೇಡಿಯಂ ಹುಚ್ಚೆದ್ದು ಕುಣಿಯುವಾಗ, ರೈಲಿನ ಕಿಟಕಿಯಿಂದ ಯಾವುದೋ ಊರಿನ ಮದುವೆ ನೋಡುವವನಂತೆ ಆರ್ವಿಲ್ ನಗುತ್ತ ನಿಂತಿದ್ದ.

“ಎಷ್ಟು ಚೆನ್ನಾಗಿ ಓಡ್ತಾರಲ್ಲ! ಯಾರ ಹುಡುಗರು ಇವರು?”

“ನಿಮ್ಮವರೇ, ಕೋಚ್,” ಎಂದ ಲೆಲಂಡ್.

“ನನ್ನವರಾ?” ಎಂದ ಆರ್ವಿಲ್‌ನ ಕಣ್ಣು ತುಂಬಿ ಬಂತು. ಬೇಲಿಯ ಈಚೆ ನಿಂತಿದ್ದ ವರ್ನಾಗೆ ಅದು ಕೇಳಿಸಿತು.

ಅದೇ ವಾರ ಲೆಲಂಡ್ ಕೋಚ್ ಆದ; ಆರ್ವಿಲ್‌ನ ಬೀಳ್ಕೊಡುಗೆಯ ದಿನ ಊರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆರ್ವಿಲ್ ಮೈಕಿನ ಮುಂದೆ ನಿಂತು, “ಇಷ್ಟೊಂದು ಜನ ಬಂದಿದೀರಾ. ಎಲ್ಲರೂ ಊಟ ಮಾಡ್ಕೊಂಡೇ ಹೋಗಿ,” ಎಂದ. ಕೋಚ್‌ನ ತಮಾಷೆಯೆಂದು ಜನ ಅತ್ತುಕೊಂಡೇ ನಕ್ಕರು. ಲೆಲಂಡ್ ನಗಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಊರು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಲೆಲಂಡ್ ಸ್ಟೇಡಿಯಂನ ಹಿಂಬಾಗಿಲು ತೆಗೆದು ಅವನನ್ನು ಮೈದಾನದಲ್ಲಿ ನಡೆಸುತ್ತಿದ್ದ. ಆರ್ವಿಲ್ ಗೋಲಿನ ಕಂಬವನ್ನು ಕುದುರೆಯ ಕತ್ತು ಸವರುವಂತೆ ಸವರುತ್ತಿದ್ದ. ವರ್ನಾ ಕಾರಿನಲ್ಲಿ ಕೂತು ನೋಡುತ್ತಿದ್ದಳು. ಊರಿನಲ್ಲಿ ಮಾತು ಬೆಳೆಯುತ್ತಲೇ ಹೋಯಿತು. ಲೆಲಂಡ್ ಒಳಗೆ ಕಾಲಿಟ್ಟರೆ ಕ್ಷೌರದಂಗಡಿಯಲ್ಲಿ ಎಲ್ಲರೂ ಬಾಯಿ ಮುಚ್ಚುತ್ತಿದ್ದರು. “ಹೇಳಿಬಿಡ್ಲೇನೋ?” ಎಂದು ಅವಳು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: “ಅವರಿರೋವರೆಗೂ ಬೇಡ.”

* * *

“ಗಾರ್ಡಿ,” ಎಂದಳು ವರ್ನಾ. “ಆ ವರ್ಷ ಆರ್ವಿಲ್‌ಗೆ ತನ್ನ ಹುಡುಗರ ಮುಖಾನೇ ಗೊತ್ತಾಗ್ತಿರ್ಲಿಲ್ಲ. ಕೊನೆಕೊನೆಗೆ ನಂದೂ. ಇಡೀ ಸೀಸನ್ ಆಡಿಸಿದ್ದು ಲೆಲಂಡ್. ಬಾಯಿ ಮುಚ್ಕೊಂಡಿರು ಅಂತ ಬೇಡ್ಕೊಂಡಿದ್ದು ನಾನು.”

ಹೇಳಿದ್ದು ತಪ್ಪಾಯಿತೇನೋ, ಮಣ್ಣಿಗೆ ಹೋಗುವ ಹೊತ್ತಿನಲ್ಲಿ ಗಂಡನ ಕೈಯಿಂದ ಏನನ್ನೋ ಕಸಿದೆನೇನೋ ಎನಿಸಿತು ಅವಳಿಗೆ.

“ಹಾಗಾದ್ರೆ ಆ ಕಪ್...” ಗಾರ್ಡಿ ಪೆಟ್ಟಿಗೆಯತ್ತ ತಿರುಗಿದ. “ಕೋಚ್‌ದಲ್ವಾ?”

ಲೆಲಂಡ್ ಮರ ಬಿಟ್ಟು ಹತ್ತಿರ ಬಂದಿದ್ದ. “ಅವರದೇ ಕಣೋ,” ಎಂದ. “ನಂಗೆ ಬೇರೆ ಆಟ ಎಲ್ಲಿ ಬರ್ತಿತ್ತು? ಅವರು ಕಲಿಸಿದ್ದನ್ನೇ ಅವರಿಗೆ ಹೇಳಿಕೊಟ್ಟೆ, ಅಷ್ಟೆ.”

ಗಾರ್ಡಿ ಮೂಗು ಒರೆಸಿಕೊಂಡ. ಆಮೇಲೆ ಮುಂದಿನ ಹಿಡಿಯನ್ನು ಲೆಲಂಡ್‌ಗೆ ಬಿಟ್ಟುಕೊಟ್ಟು ತಾನು ಹಿಂದಕ್ಕೆ ಸರಿದ.

ಸ್ಮಶಾನ ಚರ್ಚಿನ ಹಿಂದಿನ ಇಳಿಜಾರಿನಲ್ಲಿತ್ತು. ಹುಲ್ಲಿನ ಮೇಲೆ ಹಿಮ ಗಟ್ಟಿಕಟ್ಟಿ ಕಾಲು ಜಾರುತ್ತಿತ್ತು. ಪಾದ್ರಿಯ ಹಿಂದೆ ನಡೆಯುತ್ತಿದ್ದ ವರ್ನಾಗೆ ಬೂಟುಗಳ ಸದ್ದು ಕೇಳಿಸಿತು, ಏದುಸಿರು ಕೇಳಿಸಿತು.

“ಹಿಡ್ಕೊಂಡಿದೀಯೇನೋ ಲೆಲಂಡ್?” ಎಂದಿತು ಗಾರ್ಡಿಯ ದನಿ.

“ಹಿಡ್ಕೊಂಡಿದೀನಿ. ಬಾ.”

ಅವಳು ತಿರುಗಿ ನೋಡಿದಳು. ಹೊತ್ತವರ ಕಾಲು, ಭುಜ, ಬೋಳುತಲೆಗಳೆಲ್ಲ ಮಂಜಿನಲ್ಲಿ ಕರಗಿಹೋಗಿದ್ದವು. ಪೆಟ್ಟಿಗೆಯೊಂದೇ ಯಾವ ಅವಸರವೂ ಇಲ್ಲದೆ, ಬಿಳಿಯ ಬಯಲಿನ ಮೇಲೆ ತೇಲಿ ಬರುತ್ತಿತ್ತು.