‘ನಿ’ ಹೋಗಿ ‘ರಿ’ ಬಂದದ್ದು

ಮತದ ಹಕ್ಕು ಮನೆ, ಜಮೀನು ಇದ್ದವರಿಗೆ ಮಾತ್ರ ಇತ್ತು. ನೂಲಿನ ಗಿರಣಿಯ ಕೆಲಸದವರಿಗೆ ಇರಲಿಲ್ಲ. ಅದಕ್ಕೇ ಚಳವಳಿ. ನಮ್ಮ ಯಜಮಾನರು ಅದರ ಕಾರ್ಯದರ್ಶಿ. ಹಾಗಾಗಿ ಮೆರವಣಿಗೆಯ ಬ್ಯಾನರು ಹೊಲಿಯುವ ಭಾಗ್ಯ ನನಗೂ ನಾದಿನಿಗೂ ಒದಗಿಬಂತು. ನಾವಿಬ್ಬರೂ ಅದೇ ಗಿರಣಿಯಲ್ಲಿ ದಿನವಿಡೀ ನಿಂತು ಕಡಿದ ಎಳೆ ಜೋಡಿಸುವವರು. ಕೂತು ಹೊಲಿದರೆ ನಮಗೆ ವಿಶ್ರಾಂತಿ ಸಿಕ್ಕಂತೆ ಎಂದು ಸಮಿತಿ ಭಾವಿಸಿತ್ತು.

ಯಜಮಾನರು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟರು: ‘ದುಡಿಯುವ ಪ್ರತಿಯೊಬ್ಬನಿಗೂ ಮತ’.

“ಒಬ್ಬನಿಗೂ ಅಂದ್ರೆ ನಾವೆಲ್ಲಿ ಹೋದ್ವಿ ಅಣ್ಣಾ?” ನಾದಿನಿ ಕೇಳಿದಳು.

“ನೀವೂ ಅದರೊಳಗೇ ಇದೀರ ಕಣೇ. ಬರೆಯೋ ರೀತಿ ಹಾಗೆ.”

“ಹಾಗಾದ್ರೆ ಒಬ್ಬಳಿಗೂ ಅಂತ ಹೊಲೀತೀವಿ. ನೀನು ಅದರೊಳಗೇ ಇದ್ಬಿಡು.”

“ತಮಾಷೆ ಸಾಕು. ಮೊದಲು ನಮಗೆ ಸಿಗಲಿ. ಒಟ್ಟಿಗೇ ಕೇಳಿದ್ರೆ ಸರ್ಕಾರಕ್ಕೆ ಗಾಬರಿ ಆಗುತ್ತೆ.”

ಸರ್ಕಾರದ ಗಾಬರಿಯನ್ನೆಲ್ಲ ತಾವೇ ಹೊತ್ತವರಂತೆ ಅವರು ಹೊರಟುಹೋದರು.

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ‘ನಿ’ ಒರೆಸಿದೆ. ನಾದಿನಿ ‘ರಿ’ ಹೊಲಿದಳು. ಬದಲಾದದ್ದು ಒಂದೇ ಅಕ್ಷರ.

ಬೆಳಿಗ್ಗೆ ಗಿರಣಿಯ ಗೇಟಿನ ಮುಂದೆ ಬ್ಯಾನರು ಬಿಡಿಸಿದಾಗ ಸಮಿತಿಯ ಅಧ್ಯಕ್ಷರ ಮುಖ ಅರಳಿತು. “ಪ್ರತಿಯೊಬ್ಬರಿಗೂ! ಭೇಷ್! ನಮಗೆ ಬಹುವಚನದ ಮರ್ಯಾದೆ ಕೊಟ್ಟಿದೀರಲ್ಲಮ್ಮ!” ಯಜಮಾನರೂ ಮೀಸೆ ಸವರಿಕೊಂಡರು.

ಬಾಯಿ ಮುಚ್ಚಿಕೊಂಡಿದ್ದರೆ ‘ರಿ’ ಉಳಿಯುತ್ತಿತ್ತು, ಅದರೊಳಗೆ ನಾವು ಉಳಿಯುತ್ತಿರಲಿಲ್ಲ.

“ಮರ್ಯಾದೆಗೆ ಹಾಕಿದ್ದಲ್ಲ ಸ್ವಾಮಿ,” ಎಂದೆ. “ನಾವೂ ಸೇರ್ಕೊಂಡಿದೀವಿ.”

ಅರಳಿದ ಮುಖ ಹುಳ್ಳಗಾಯಿತು. “ಬಿಚ್ರಿ ಅದನ್ನ!”

“ಹೊಲಿಯೋದಷ್ಟೇ ನಮಗೆ ಹೇಳಿದ್ದು. ಬಿಚ್ಚೋದು ಸಮಿತಿಗೆ ಬಿಟ್ಟಿದ್ದು,” ಎಂದಳು ನಾದಿನಿ.

ಕಾರ್ಯದರ್ಶಿಗಳು ಕತ್ತರಿ ಹಿಡಿದು ಕುಕ್ಕರಗಾಲಲ್ಲಿ ಕೂತರು. ಸುತ್ತ ನಿಂತು ಸಲಹೆ ಕೊಡುವವರಿಗೆ ಬರವಿರಲಿಲ್ಲ. ನಾವು ಹೆಂಗಸರು ಕಾಯಲಿಲ್ಲ, ನಡೆಯತೊಡಗಿದೆವು. ಅರ್ಧ ಬೀದಿ ದಾಟಿದ ಮೇಲೆ ಗಂಡಸರು ಏದುಸಿರು ಬಿಡುತ್ತ ಹಿಂದೆ ಬಂದು ಸೇರಿಕೊಂಡರು. ಬ್ಯಾನರಿನಲ್ಲಿ ‘ರಿ’ ಇದ್ದ ಕಡೆ ಅಂಗೈಯಗಲ ತೂತು.

ಮುಂದಿನಿಂದ ನಾದಿನಿ ಕೂಗಿದಳು: “ದುಡಿಯುವ ಪ್ರತಿಯೊಬ್ಬರಿಗೂ—”

“ಮತ!” ಎಂದಿತು ಇಡೀ ಮೆರವಣಿಗೆ. ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ನಮ್ಮ ಯಜಮಾನರ ದನಿ. ಅಭ್ಯಾಸಬಲ. ಅಧ್ಯಕ್ಷರು ಪಕ್ಕೆ ತಿವಿದರಂತೆ. ಆದರೆ ಅಷ್ಟು ಜನರ ಎದುರು ಕೂಗಿದ್ದನ್ನು ವಾಪಸು ಪಡೆಯುವುದು ಹೇಗೆಂದು ಸಮಿತಿ ಇನ್ನೂ ಚರ್ಚಿಸುತ್ತಿದೆ.