ಬಾಯಿ ತೆರೆಯದ ಹಾವು

ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ನಾನೂ ನನ್ನ ತಂಗಿ ನಗಾಮಾಳೂ ಮಡಕೆಗೆ ಜೇಡಿಮಣ್ಣು ಅಗೆಯುತ್ತಿದ್ದೆವು. ಗುದ್ದಲಿಯ ಅಡಿಯಿಂದ ಮೊಳದುದ್ದದ ಹಾವೊಂದು ಹೊರಬಿತ್ತು. ಕಡುಕಪ್ಪು, ಎಣ್ಣೆ ಸವರಿದಂಥ ಹೊಳಪು. ಕುತ್ತಿಗೆಯೇ ಇಲ್ಲ, ಕಣ್ಣು ಸಾಸಿವೆಗಿಂತ ಚಿಕ್ಕದು. ಅದು ನಮ್ಮ ಮೇಲೆ ಬರಲಿಲ್ಲ. ತಲೆ ಬಗ್ಗಿಸಿ ಮೂಗನ್ನು ನೆಲಕ್ಕೆ ಒತ್ತಿಕೊಂಡಿತು.

ನನ್ನ ಕೂಗು ಕೇಳಿ ಪಕ್ಕದ ಹೊಲದಿಂದ ನನ್ನ ಗಂಡ ಸಿಕ್ವೇಸೆ ಬಂದ. ಊರಿನ ಕಣಜಗಳಲ್ಲಿ ಸೇರಿಕೊಂಡ ನಾಗರಗಳನ್ನು ಬರಿಗೈಯಲ್ಲಿ ಹಿಡಿದವನು ಅವನು.

"ಇದಕ್ಕೆ ಇಷ್ಟು ಕಿರುಚಿದ್ಯಾ? ಎರೆಹುಳದ ತಮ್ಮ ಕಣೇ ಇದು."

"ಅಕ್ಕನಿಗೇ ಹೆದರೋ ಭಾವ, ಹಾವಿಗೆ ಹೆದರಲ್ವಂತೆ," ಎಂದಳು ನಗಾಮಾ.

"ಬಿಟ್ಬಿಡ್ರಿ, ಅದರ ಪಾಡಿಗೆ ಹೋಗ್ಲಿ," ಎಂದೆ ನಾನು.

ಅವನು ನಗುತ್ತಲೇ ಅದರ ತಲೆಯ ಹಿಂದೆ ಎರಡು ಬೆರಳಲ್ಲಿ ಅದುಮಿ ಎತ್ತಿದ. "ನೋಡಿ, ಇದಕ್ಕೆ ಬಾಯಿ ಬಿಡೋಕೂ ಬರಲ್ಲ."

ಬಾಯಿ ಮುಚ್ಚಿಯೇ ಇತ್ತು. ಹಾವು ತಲೆಯನ್ನು ಪಕ್ಕಕ್ಕೆ ಒಮ್ಮೆ ಜಗ್ಗಿತು, ಅಷ್ಟೆ. ಅವನ ನಗು ನಿಂತಿತು. ಮುಚ್ಚಿದ ತುಟಿಯಂಚಿನಿಂದ ದಬ್ಬಣದಂಥ ಒಂದೇ ಹಲ್ಲು ಹಿಂದಕ್ಕೆ ಚಾಚಿ ಅವನ ಹೆಬ್ಬೆರಳಲ್ಲಿ ನಾಟಿತ್ತು. ಅವನು ಕೈ ಕೊಡವಿದ. ಹಾವು ಸಡಿಲ ಮಣ್ಣಿಗೆ ಬಿದ್ದು ಕಣ್ಣೆದುರೇ ಒಳಗಿಳಿಯಿತು.

ನಾನು ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆ ತಲುಪುವಷ್ಟರಲ್ಲಿ ಅವನ ಕೈ ಮೊಣಕೈವರೆಗೆ ಊದಿತ್ತು. ನರ್ಸಮ್ಮ ಹಾವು ಹೇಗಿತ್ತೆಂದು ಕೇಳಿ ನಿಟ್ಟುಸಿರುಬಿಟ್ಟರು.

"ಇದರ ವಿಷಕ್ಕೆ ನಮ್ಮ ಹತ್ರ ಮದ್ದಿಲ್ಲಮ್ಮ. ನೋವಿಗೆ ಕೊಡ್ತೀನಿ, ಗಾಯ ನೋಡ್ಕೋತೀನಿ. ಈ ಹಾವನ್ನ ಹಿಡಿಯೋ ಜಾಗಾನೇ ಇಲ್ಲ. ಕತ್ತು ಹಿಡಿದ್ರೂ ಪಕ್ಕಕ್ಕೆ ಚುಚ್ಚತ್ತೆ."

ಮೂರನೆಯ ದಿನಕ್ಕೆ ಬೆರಳು ಕಪ್ಪಾಯಿತು. ಒಂಬತ್ತನೆಯ ದಿನ ಅರ್ಧ ಕತ್ತರಿಸಿದರು.

ಮನೆಗೆ ಬಂದ ಮಧ್ಯಾಹ್ನ ಮೆಕ್ಕೆಜೋಳದ ನ್ಸೀಮಾ ಮುದ್ದೆಯನ್ನೂ ಮೀನಿನ ಸಾರನ್ನೂ ಮುಂದಿಟ್ಟೆ. ಅರ್ಧ ಹೆಬ್ಬೆರಳಲ್ಲಿ ತುತ್ತು ಉಂಡೆಯಾಗಲೇ ಇಲ್ಲ. ಎರಡು ಸಲ ಜಾರಿ ಬಿತ್ತು.

"ಯಾವತ್ತೂ ಹಿಡಿಯೋ ಹಾಗೇ ಹಿಡಿದೆ ಕಣೇ," ಎಂದ. "ಎಲ್ಲಿ ತಪ್ಪಿದೆ ಹೇಳು."

ನಗಾಮಾ ಒಂದು ಚಮಚ ತಂದು ತಟ್ಟೆಯ ಪಕ್ಕದಲ್ಲಿಟ್ಟಳು.